ಹೆಡ್ಮಾಸ್ಟರಿಗೆ ‘ಹೀ’ ಅನ್ನಬಹುದೇ?

ಇಂಗ್ಲಿಷ್ ಗ್ರಾಮರ್ ಕಲಿಸಿದವರಿಗೆ ಸರ್ಕಾರ ನಿವೃತ್ತಿ ಕೊಟ್ಟರೂ ಊರು ಕೊಡುವುದಿಲ್ಲ. ಸಕಲೇಶಪುರದ ಸಂತೆಯಲ್ಲಿ ಬೀನ್ಸ್ ಆರಿಸುತ್ತಾ ನಿಂತಿದ್ದರೆ ತರಕಾರಿಯವನು ತಕ್ಕಡಿ ಹಿಡಿದುಕೊಂಡೇ, ‘ಮಿಸ್ಸೇ, ನನ್ ಮಗಳು ಡಿಡ್ ವೆಂಟ್ ಅಂತ ಬರ್ದವ್ಳೆ, ಸರಿ ಐತಾ?’ ಎಂದು ಕೇಳುತ್ತಾನೆ. ಡಿಡ್ ಬಂದ ಮೇಲೆ ವೆಂಟ್ ಬರಬಾರದು, ಗೋ ಬರಬೇಕು ಎಂದು ನಾನು ವಿವರಿಸಿ ಮುಗಿಸುವಷ್ಟರಲ್ಲಿ ಎಳೇ ಬೀನ್ಸೆಲ್ಲ ಬೇರೆಯವರ ಚೀಲಕ್ಕೆ ‘ವೆಂಟ್’ ಆಗಿರುತ್ತದೆ.

ಮೊದಲು ಪಾಳ್ಯದ ಕಡೆ, ಆಮೇಲೆ ಹಾನುಬಾಳಿನ ಕಡೆ, ಸರ್ಕಾರಿ ಹೈಸ್ಕೂಲುಗಳಲ್ಲೇ ನನ್ನ ಆಯುಸ್ಸು ಕಳೆಯಿತು. ಈಗ ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನ ಪಕ್ಕದ ಹಾಲಿನಲ್ಲಿ ದೊಡ್ಡವರಿಗೆ ಪಾಠ ಹೇಳುತ್ತೇನೆ. ಯಾರು ಬೇಕಾದರೂ ಬರಬಹುದು. ಬರುತ್ತಾರೆ, ಕಲಿಯುತ್ತಾರೆ, ನಗಿಸಿ ಹೋಗುತ್ತಾರೆ. ಅವರು ಹೋದ ಮೇಲೆ ನನಗೆ ಹಳೆಯದೆಲ್ಲ ನೆನಪಾಗುತ್ತದೆ.

ಪಪ್ಪನ ಕಾಫಿ

ನಮ್ಮ ಪಪ್ಪ ಮಂಗಳೂರು ಕಡೆಯಿಂದ ಘಟ್ಟ ಹತ್ತಿ ಬಂದು ಇಲ್ಲಿನ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ಆಳುಗಳ ಹಾಜರಿ, ಸ್ಟೋರಿನ ಉಸ್ತುವಾರಿ ಎಲ್ಲ ಅವರದೇ. ಬೆಳಿಗ್ಗೆ ಎದ್ದು ಬಂಗಲೆಗೆ ಹೋಗಿ ಆ ದಿನದ ಕೆಲಸ ಏನೆಂದು ಮ್ಯಾನೇಜರಿಗೆ ಹೇಳಬೇಕು. ಮ್ಯಾನೇಜರು ಎಲ್ಲಿಯವರೋ, ಕನ್ನಡ ಬಾರದು, ಆದರೆ ಮನುಷ್ಯ ಬಹಳ ಒಳ್ಳೆಯವರು. ವರಾಂಡದಲ್ಲಿ ಕಾಫಿ ಕುಡಿಯುತ್ತಾ ಕೂತವರು ಪಪ್ಪನನ್ನು ಕಂಡೊಡನೆ, ‘ಯೂ ಹ್ಯಾವೆಂಟ್ ಹ್ಯಾಡ್ ಕಾಫಿ?’ ಎಂದು ಕೇಳುವರು. ಕಾಫಿ ಕುಡಿದಿಲ್ಲವಾ ಅಂತ. ಪಪ್ಪ ವಿನಯದಿಂದ ‘ಯೆಸ್ ಸರ್’ ಅನ್ನುವರು.

ನಮ್ಮ ಭಾಷೆಯಲ್ಲಿ ಅದು ಸರಿಯಾದ ಉತ್ತರವೇ. ಹೌದು ಸಾರ್, ಕುಡಿದಿಲ್ಲ. ಇಂಗ್ಲಿಷಿನಲ್ಲಿ ಮಾತ್ರ ಯೆಸ್ ಅಂದರೆ ಕುಡಿದಾಯಿತು ಎಂದರ್ಥ. ಮ್ಯಾನೇಜರು ತಲೆಯಾಡಿಸಿ ತಮ್ಮ ಪಾಡಿಗೆ ತಾವು ಕುಡಿಯುವರು. ಪಪ್ಪ ಘಮಘಮ ವಾಸನೆ ಕುಡಿದುಕೊಂಡು ಬರುವರು. ಸುತ್ತ ಎಲ್ಲಿ ನೋಡಿದರೂ ಕಾಫಿ ಗಿಡ, ಇವರಿಗೆ ಒಂದು ಲೋಟ ಸಿಗಲಿಲ್ಲ. ‘ಪಾಪ, ದಿನಾ ಕೇಳ್ತಾರೆ, ಕೊಡೋದು ಮಾತ್ರ ಮರೀತಾರೆ’ ಎಂದು ಮನೆಯಲ್ಲಿ ಮಮ್ಮಿಯ ಹತ್ತಿರ ಹೇಳುತ್ತಿದ್ದರು.

ನಾನು ಹೈಸ್ಕೂಲಿನಲ್ಲಿ ಈ ಪಾಠ ಓದಿದ ದಿನ ಪಪ್ಪನ ಕಾಫಿ ಎಲ್ಲಿ ಕಳೆದುಹೋಗುತ್ತಿದೆ ಎಂದು ಹೊಳೆಯಿತು. ಓಡಿ ಬಂದು, ಇನ್ನು ಮೇಲೆ ‘ನೋ ಸರ್’ ಅನ್ನಿ ಎಂದೆ. ಪಪ್ಪ ದಾರಿಯುದ್ದಕ್ಕೂ ನೋ ಸರ್, ನೋ ಸರ್ ಎಂದು ಬಾಯಿಪಾಠ ಮಾಡಿಕೊಂಡು ಹೋದರು. ಅಂದರು. ಕಾಫಿ ಬಂತು. ಕೈಗೆ ಕೊಡುವ ಮೊದಲು ಮ್ಯಾನೇಜರು, ‘ಯೂ ಡೋಂಟ್ ಟೇಕ್ ಶುಗರ್?’ ಎಂದರಂತೆ. ಸಕ್ಕರೆ ಹಾಕಿಕೊಳ್ಳುವುದಿಲ್ಲವಾ ಅಂತ. ಪಪ್ಪ ಹೊಸ ಹುರುಪಿನಲ್ಲಿ ‘ನೋ ಸರ್’ ಅಂದುಬಿಟ್ಟರು.

ಅಲ್ಲಿಂದ ಮುಂದೆ ಅವರಿಗೆ ದಿನಾ ಸಪ್ಪೆ ಕಾಫಿ. ಮನೆಗೆ ಬಂದವರೇ ಡಬ್ಬಿಯಿಂದ ಒಂದು ಚೂರು ಬೆಲ್ಲ ತೆಗೆದು ಬಾಯಿಗೆ ಹಾಕಿಕೊಳ್ಳುವರು. ಇದಕ್ಕೂ ಒಂದು ಪಾಠ ಹೇಳಿಕೊಡೇ ಎಂದು ಮಮ್ಮಿ ನನಗೆ ಹೇಳಿದರೆ ಪಪ್ಪ ಗಾಬರಿಯಿಂದ ತಡೆದರು.

‘ಬೇಡ ಬೇಡ. ಇರೋ ಕಾಫಿನೂ ಹೋಗ್ಬುಟ್ಟೀತು.’

ಹೀ, ಶೀ ಮತ್ತು ಮರ್ಯಾದೆ

ಪಾಳ್ಯದ ಕಡೆ ನಾನು ಕೆಲಸಕ್ಕೆ ಸೇರಿದಾಗ ನಮ್ಮ ಹೆಡ್ಮಾಸ್ಟರು ಬಿಳಿ ಪಂಚೆ, ಬಿಳಿ ತುಂಬುತೋಳಿನ ಅಂಗಿಯವರು. ಅವರು ಕಾರಿಡಾರಿನಲ್ಲಿ ಕೆಮ್ಮಿದರೆ ಮೂರು ಕ್ಲಾಸು ತೆಪ್ಪಗಾಗುತ್ತಿತ್ತು. ಆ ವರ್ಷ ಎಂಟನೇ ಕ್ಲಾಸಿನಲ್ಲಿ ಒಬ್ಬಳು ಹುಡುಗಿ ಇದ್ದಳು, ರಾಗಿ ಹೊಲದ ಮನೆಯವಳು, ಬಲು ಚುರುಕು. ಹೀ ಅಂದರೆ ಅವನು, ಶೀ ಅಂದರೆ ಅವಳು, ದೇ ಅಂದರೆ ಅವರು ಎಂದು ನಾನು ಬೋರ್ಡಿನ ಮೇಲೆ ಬರೆದುಕೊಟ್ಟಿದ್ದನ್ನು ಮನಸ್ಸಿಗೆ ತೆಗೆದುಕೊಂಡಿದ್ದಳು.

ಒಂದು ದಿನ ಇನ್ಸ್‌ಪೆಕ್ಟರು ಬಂದರು. ನನ್ನ ಕ್ಲಾಸಿನಲ್ಲಿ ನಿಂತು, ಪಕ್ಕದಲ್ಲಿದ್ದ ಹೆಡ್ಮಾಸ್ಟರನ್ನು ತೋರಿಸಿ, ‘ಹೂ ಈಸ್ ಹೀ?’ ಎಂದು ಆ ಹುಡುಗಿಯನ್ನೇ ಕೇಳಿದರು. ಅವಳು ಎದ್ದು ಕೈಕಟ್ಟಿ, ‘ದೇ ಆರ್ ಅವರ್ ಹೆಡ್ಮಾಸ್ಟರ್’ ಎಂದಳು.

ಇನ್ಸ್‌ಪೆಕ್ಟರು ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಇಲ್ಲಿ ಎಷ್ಟು ಜನ ಹೆಡ್ಮಾಸ್ಟರಿದ್ದಾರೆ ಎಂದು ಅವರು ಹುಡುಗಿಯನ್ನು ಕೇಳಿದರೆ ಒಬ್ಬರೇ ಎಂದಳು. ಹಾಗಾದರೆ ಹೀ ಅನ್ನಬೇಕಲ್ಲವಾ ಎಂದರು. ಅವಳು ಅಡ್ಡಡ್ಡ ತಲೆಯಾಡಿಸಿದಳು. ಇಷ್ಟು ದೊಡ್ಡವರನ್ನು ಎಲ್ಲರೆದುರು ‘ಅವನು’ ಅನ್ನುವುದು ಅವಳಿಂದ ಆಗದು. ಇನ್ಸ್‌ಪೆಕ್ಟರಿಗೂ ಹಟ ಬಂತು. ಕನ್ನಡದಲ್ಲೇ, ಸರಿ, ಹಾಗಾದರೆ ಹೀ ಅಂತ ಯಾರಿಗೆ ಅನ್ನಬಹುದು ನೀನೇ ಹೇಳು ಎಂದರು.

ಹುಡುಗಿ ಸ್ವಲ್ಪ ಯೋಚಿಸಿದಳು.

‘ದೇವರಿಗೆ ಅನ್ಬೋದು ಸಾ. ಹೆಡ್ಮಾಸ್ಟರಿಗೆ ಅನ್ನಂಗಿಲ್ಲ.’

ಹೆಡ್ಮಾಸ್ಟರು ನಕ್ಕಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಈಗ ಅವರಿಲ್ಲ. ಅವರ ಮಾತು ಬಂದಾಗ ಇಂಗ್ಲಿಷಿನಲ್ಲಿ ನನ್ನ ಬಾಯಲ್ಲೂ ‘ದೇ’ ಎಂದೇ ಬರುತ್ತದೆ.

ನಮ್ಮೆಜಮಾನ್ರು

ಹಾನುಬಾಳಿನ ಹತ್ತಿರ ಓರಗಿತ್ತಿಯರಿಬ್ಬರು ಸೇರಿ ಒಂದು ಹೋಂಸ್ಟೇ ನಡೆಸುತ್ತಾರೆ. ಅಣ್ಣ ತಮ್ಮಂದಿರ ಹೆಂಡತಿಯರು. ಒಂದೇ ಅಂಗಳ, ಎರಡು ಮನೆ. ಬರುವ ಅತಿಥಿಗಳ ಜೊತೆ ನಾಲ್ಕು ಮಾತಾಡಬೇಕು ಎಂದು ನನ್ನ ಭಾನುವಾರದ ಕ್ಲಾಸಿಗೆ ಸೇರಿದರು. ಮೈ ಅಂದರೆ ನನ್ನ, ಅವರ್ ಅಂದರೆ ನಮ್ಮ ಎಂದು ಹೇಳಿಕೊಟ್ಟೆ. ಇಬ್ಬರೂ ಚೆನ್ನಾಗಿಯೇ ಕಲಿತರು. ಆದರೆ ನಮ್ಮ ಕಡೆ ಯಾವ ಹೆಂಗಸು ‘ನನ್ನ ಗಂಡ’ ಅನ್ನುತ್ತಾಳೆ? ‘ನಮ್ಮೆಜಮಾನ್ರು’ ಅಂತಲೇ ಅಲ್ಲವೇ.

ಉತ್ತರದ ಕಡೆಯ ಒಬ್ಬ ವಯಸ್ಸಾದ ಹೆಂಗಸು ಬಂದು ತಂಗಿದ್ದರು. ಮನೆಯಲ್ಲಿ ಗಂಡಸರೇ ಕಾಣುತ್ತಿಲ್ಲವಲ್ಲ ಎಂದು ವಿಚಾರಿಸಿದರು. ಹಿರಿಯವಳು, ‘ಅವರ್ ಹಸ್ಬೆಂಡ್ ಇನ್ ಸಕಲೇಶಪುರ’ ಎಂದಳು. ಕಿರಿಯವಳು ತನ್ನದೂ ಇರಲಿ ಎಂದು, ‘ಯೆಸ್ ಮೇಡಂ, ಅವರ್ ಹಸ್ಬೆಂಡ್ ಕಮ್ಮಿಂಗ್ ಟುಮಾರೋ’ ಎಂದಳು. ಆ ತಾಯಿ ಇಬ್ಬರ ಮುಖವನ್ನೂ ಸರದಿಯಂತೆ ನೋಡಿ, ತುಂಬ ಮೆದುವಾಗಿ, ನಿಮ್ಮಿಬ್ಬರಿಗೆ ಜಗಳ ಆಗುವುದಿಲ್ಲವಾ ಎಂದು ಕೇಳಿದರಂತೆ.

‘ನೋ ಫೈಟ್ ಮೇಡಂ’ ಎಂದು ಹಿರಿಯವಳು ಭರವಸೆ ಕೊಟ್ಟಳು. ‘ಕಿಚನ್ ಸೆಪರೇಟ್.’

ಎಷ್ಟು ಚೆನ್ನಾಗಿ ಮಾತಾಡಿದೆವು ನೋಡಿ ಮಿಸ್ಸೇ ಎಂದು ಇಬ್ಬರೂ ಬಂದು ನನಗೆ ಒಪ್ಪಿಸಿದರು. ನಾನು ವಿಷಯ ಬಿಡಿಸಿ ಹೇಳಿದಾಗ ಹಿರಿಯವಳು ಬೆಂಚಿನ ಮೇಲೆ ಬಿದ್ದು ನಕ್ಕಳು. ಕಿರಿಯವಳಿಗೆ ಮಾತ್ರ ಈಗಲೂ ಸಮಾಧಾನವಿಲ್ಲ. ‘ಮೈ ಮೈ ಅಂತ ಒತ್ತಿ ಹೇಳುದ್ರೆ, ಲೋಕದಾಗೆ ಇವಳೊಬ್ಬಳಿಗೇ ಗಂಡ ಇರೋದು ಅನ್ನಲ್ವಾ?’ ಅನ್ನುತ್ತಾಳೆ.

‘ಬೈ’ ಬಿಟ್ಟವನು

ಪ್ಯಾಸಿವ್ ವಾಯ್ಸ್ ಪಾಠದಲ್ಲಿ, ಕೆಲಸ ಮಾಡಿದವರು ಯಾರೆಂದು ಹೇಳುವ ಅಗತ್ಯವಿಲ್ಲದಿದ್ದರೆ ‘ಬೈ’ ಮತ್ತು ಅದರ ಮುಂದಿನದನ್ನು ಬಿಟ್ಟುಬಿಡಬಹುದು ಎಂದು ಹೇಳಿಕೊಟ್ಟಿದ್ದೆ. ಮಾರನೆಯ ದಿನ ಸೈನ್ಸ್ ರೂಮಿನ ಗಾಜಿನ ಜಾಡಿ ಚೂರಾಗಿ ಬಿದ್ದಿತ್ತು. ಪಕ್ಕದಲ್ಲಿ ನಿಂತಿದ್ದ ವಿದ್ಯಾರ್ಥಿಯನ್ನು ಕೇಳಿದರೆ, ‘ಇಟ್ ವಾಸ್ ಬ್ರೋಕನ್ ಮಿಸ್’ ಎಂದ. ಯಾರಿಂದ ಎಂದೆ. ಅದನ್ನು ಹೇಳುವ ಅಗತ್ಯವಿಲ್ಲ ಮಿಸ್ ಎಂದ. ಗ್ರಾಮರ್ ಸರಿಯಾಗಿತ್ತು, ಬಯ್ಯುವುದು ಹೇಗೆ?

ಅವನು ದೊಡ್ಡವನಾಗಿ ಪಂಚಾಯಿತಿ ಮೆಂಬರಾದ. ಆಗ ನಾನಿದ್ದ ಹಾನುಬಾಳಿನ ಬೀದಿಯ ತಿರುವಿನಲ್ಲಿ ದೀಪವಿರಲಿಲ್ಲ. ಗ್ರಾಮಸಭೆಯಲ್ಲಿ ಜನ ಕೇಳಿದರು. ಅವನು ಎದ್ದು ನಿಂತು, ‘ಶೀಘ್ರದಲ್ಲೇ ದೀಪ ಅಳವಡಿಸಲಾಗುವುದು’ ಎಂದ. ಹಿಂದಿನ ಸಾಲಿನಲ್ಲಿದ್ದ ನಾನು ಯಾರಿಂದ ಎಂದು ಕೇಳಿದೆ. ದನಿಯಿಂದಲೇ ಗುರುತು ಹಿಡಿದು ಕೈಮುಗಿದ. ‘ಬೈ ಬಿಡಬೋದು ಅಂತ ನೀವೇ ಹೇಳಿದ್ರಲ್ಲ ಮಿಸ್’ ಎಂದ. ಸಭೆಗೆ ಏನೂ ಅರ್ಥವಾಗಲಿಲ್ಲ, ನಾವಿಬ್ಬರೇ ನಕ್ಕೆವು.

ಆಮೇಲೆ ದೀಪ ನಿಜವಾಗಿಯೂ ಬಂತು. ಕಂಬಕ್ಕೆ ಒಂದು ಬೋರ್ಡೂ ಬಂತು. ದೀಪಕ್ಕಿಂತ ದೊಡ್ಡ ಬೋರ್ಡು, ಅದರ ತುಂಬ ಅವನ ಹೆಸರು. ಅಲ್ಲಿ ಮಾತ್ರ ‘ಬೈ’ ಬಿಟ್ಟಿರಲಿಲ್ಲ.

ಆನೆ ಬಂತು

ಬಿಸಿಲೆ ಕಾಡಿನ ಕಡೆ ಟೂರಿಸ್ಟರನ್ನು ಕರೆದುಕೊಂಡು ಹೋಗುವ ಜೀಪ್ ಡ್ರೈವರೊಬ್ಬ ನನ್ನ ಕ್ಲಾಸಿಗೆ ಬರುತ್ತಾನೆ. ನಲವತ್ತು ದಾಟಿದ ಆಸಾಮಿ, ಮೊದಲ ಬೆಂಚಿನಲ್ಲೇ ಕೂರುತ್ತಾನೆ. ಅವನಿಗೆ ಟೆನ್ಸು ಅಂದರೆ ತಲೆನೋವು.

ಒಂದು ಸಲ ಅವನ ಜೀಪಿನವರು ಹಳ್ಳದ ಪಕ್ಕ ಬುತ್ತಿ ಬಿಚ್ಚಿ ಕೂತರು. ಈ ಜಾಗದಲ್ಲಿ ಆನೆ ಬರುತ್ತೆ, ಬೇಗ ಊಟ ಮುಗಿಸಿ ಎಂದು ಹೇಳಬೇಕೆಂದು, ‘ಎಲಿಫೆಂಟ್ ಈಸ್ ಕಮ್ಮಿಂಗ್ ಹಿಯರ್’ ಎಂದ. ತುತ್ತು ಕೈಯಲ್ಲಿದ್ದವರು ತುತ್ತು ಬಿಟ್ಟು, ಚಪ್ಪಲಿ ಬಿಟ್ಟು ಜೀಪಿಗೆ ಹಾರಿದರು. ಬಾಗಿಲು ಹಾಕಿಕೊಂಡವರು ಎಷ್ಟು ಹೇಳಿದರೂ ಇಳಿಯಲಿಲ್ಲ. ಅವರ ಚಪ್ಪಲಿಗಳನ್ನೆಲ್ಲ ಇವನೇ ಹೆಕ್ಕಿ ತರಬೇಕಾಯಿತು.

ಆ ಭಾನುವಾರ ಅವನಿಗೊಬ್ಬನಿಗೇ ವಿಶೇಷ ಪಾಠವಾಯಿತು. ಈಸ್ ಕಮ್ಮಿಂಗ್ ಎಂದರೆ ಈಗ, ಕಣ್ಣೆದುರಿಗೇ ಬರ್ತಾ ಇದೆ. ಕೇಮ್ ಎಂದರೆ ಬಂದು ಹೋದ ಮಾತು, ನಿನ್ನೆ ಮೊನ್ನೆಯದು. ಅವನು ತಲೆಯಾಡಿಸಿ ಹೋದ.

ಮುಂದಿನ ವಾರ ಬೇರೆ ಗುಂಪು. ಕಾಡಿನ ತಿರುವಿನಲ್ಲಿ ಜೀಪು ನಿಲ್ಲಿಸಿಕೊಂಡು ಫೋಟೋ ತೆಗೆಯುತ್ತಿದ್ದರು. ಬಿದಿರು ಲಟಲಟ ಅಂದಿತು. ಇವನು ತಿರುಗಿ ನೋಡುತ್ತಾನೆ, ಒಂಟಿ ಸಲಗ ರಸ್ತೆಗೆ ಕಾಲಿಟ್ಟಿದೆ. ಬಸ್ಸು ದೂರದಲ್ಲಿ ಕಂಡೊಡನೆ ನಾವೆಲ್ಲ ಏನನ್ನುತ್ತೇವೆ? ಬಸ್ ಬಂತು ಅನ್ನುತ್ತೇವೆ. ಇವನ ಬಾಯಲ್ಲೂ ಹಾಗೇ ಬಂತು. ‘ಸರ್, ಎಲಿಫೆಂಟ್ ಕೇಮ್’ ಎಂದ.

ಬೆನ್ನು ತಿರುಗಿಸಿ ಫೋನ್ ಹಿಡಿದಿದ್ದವರು, ‘ಓಹ್, ವೆನ್? ಯೆಸ್ಟರ್ಡೇ?’ ಎಂದು ಆರಾಮಾಗಿ ಕೇಳಿದರು.

ಅಲ್ಲಿ ಇವನಿಗೆ ನನ್ನ ಪಾಠ ನೆನಪಾಯಿತಂತೆ. ಕೇಮ್ ಅಂದರೆ ನಿನ್ನೆ. ಈಗ ಅಂದರೆ ಈಸ್. ಈಸ್ ಆದ ಮೇಲೆ ಕಮ್ಮೋ, ಕಮ್ಮಿಂಗೋ ಎಂದು ಲೆಕ್ಕ ಹಾಕುತ್ತಿರುವಾಗ ಆನೆ ಕಿವಿ ಅಗಲಿಸಿ ಇನ್ನೂ ಹತ್ತಿರ ಬಂತು. ಇಂಗ್ಲಿಷ್ ಬಿಟ್ಟು, ಹೊಟ್ಟೆಯಿಂದ ಕಿರುಚಿದ: ‘ಹತ್ರೋ ಜೀಪ್ನಾ!’

ಕನ್ನಡದ ಗಂಧವಿಲ್ಲದ ಅವರೆಲ್ಲರಿಗೂ ಅಷ್ಟೂ ಅರ್ಥವಾಯಿತು. ಅವನು ಹಿಮ್ಮುಖವಾಗಿಯೇ ಜೀಪು ಓಡಿಸಿದ. ಸಲಗ ಸ್ವಲ್ಪ ದೂರ ಅಟ್ಟಿಸಿಕೊಂಡು ಬಂದು, ಬೇಸರವಾಗಿ ಕಾಡಿಗೆ ಇಳಿಯಿತು. ಯಾರಿಗೂ ಏನೂ ಆಗಲಿಲ್ಲ.

ಭಾನುವಾರ ಬಂದು ಇದನ್ನೆಲ್ಲ ಒಂದೇ ಉಸಿರಿಗೆ ಹೇಳಿದ. ನೀರು ಕೊಟ್ಟೆ. ಕುಡಿದ. ಮೇಷ್ಟರ ಬುದ್ಧಿ ನೋಡಿ, ಹಾಗಾದರೆ ಅಲ್ಲಿ ಪ್ರೆಸೆಂಟ್ ಟೆನ್ಸ್ ಬರಬೇಕಿತ್ತು ಅಂತ ಈಗ ತಿಳಿಯಿತಾ ಎಂದು ಕೇಳಿಬಿಟ್ಟೆ.

‘ತಿಳೀತು ಮಿಸ್ಸೇ’ ಎಂದು ಲೋಟ ಕೆಳಗಿಟ್ಟ. ‘ಅದ್ನ ಹುಡುಕ್ತಾ ಇನ್ನೊಂದು ಗಳಿಗೆ ನಿಂತಿದ್ದಿದ್ರೆ, ಪ್ರೆಸೆಂಟ್‌ನಾಗಿದ್ದೋರೆಲ್ಲ ಪಾಸ್ಟ್‌ಗೆ ಹೋಗ್ಬುಡ್ತಿದ್ವಿ.’