ಒಂಬತ್ತು ತಿಂಗಳ ಸೀಮೆಎಣ್ಣೆ

ನಾನು ನಡೆದು ಬಂದಾಗ ಜನ ಸರಿದು ದಾರಿ ಬಿಟ್ಟದ್ದು ನನ್ನ ಜೀವಮಾನದಲ್ಲಿ ಒಂದೇ ಒಂದು ಕಾಲದಲ್ಲಿ. ಅದು ನಾನು ಚೊಚ್ಚಲ ಬಸುರಿಯಾಗಿ ಮತ್ತಿಕೆರೆಯಲ್ಲಿದ್ದಾಗ. ಆ ಮರ್ಯಾದೆಯನ್ನು ಉಳಿಸಿಕೊಳ್ಳುವಷ್ಟು ಬುದ್ಧಿ ನನಗಿದ್ದಿದ್ದರೆ ಇದನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಬುದ್ಧಿ ಇರಲಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ನಮ್ಮವರು ಯಶವಂತಪುರದ ಕಡೆ ಒಂದು ಫ್ಯಾಕ್ಟರಿಯಲ್ಲಿ ಸ್ಟೋರ್ಸ್ ಗುಮಾಸ್ತರು. ನಾವಿಬ್ಬರೂ ಗದಗಿನ ಕಡೆಯವರು. ಗೌರಮ್ಮ ಎಂಬ ಮತ್ತಿಕೆರೆಯ ಹಳೇ ಕುಳದ ವಠಾರದಲ್ಲಿ ನಮಗೆ ಒಂದೂವರೆ ಕೋಣೆ. ಆ ಅರ್ಧ ಕೋಣೆ ಅಡುಗೆಮನೆಯೂ ಹೌದು, ಬಚ್ಚಲೂ ಹೌದು, ನೆಂಟರು ಬಂದರೆ ನಾನು ಮಲಗುವ ಜಾಗವೂ ಹೌದು.

ನಮ್ಮವರಿಗೆ ಸಂಬಳ ಕಡಿಮೆ, ಉಳಿತಾಯ ಜಾಸ್ತಿ. ಅವರ ಸ್ಟೋರಿನಿಂದ ಒಂದು ಬೋಲ್ಟು ಹೊರಗೆ ಹೋಗಬೇಕಾದರೆ ಮೂವರ ಸಹಿ ಬೇಕಂತೆ. ನಮ್ಮ ಮನೆಯ ಡಬ್ಬಿಯಿಂದ ಒಂದು ಚಮಚ ಸಕ್ಕರೆ ಹೊರಗೆ ಬರಲು ಅದಕ್ಕಿಂತ ಹೆಚ್ಚಿನ ವಿಚಾರಣೆ ನಡೆಯುತ್ತಿತ್ತು. ನಾಲ್ಕನೇ ತಿಂಗಳಲ್ಲಿ ನನಗೆ ದ್ರಾಕ್ಷಿ ತಿನ್ನುವ ಬಯಕೆ ಹತ್ತಿತು. ಬಯಕೆ ತೀರಿಸದಿದ್ದರೆ ಮಗುವಿನ ಕಿವಿ ಸೋರುತ್ತದೆ ಎಂದು ಹೆದರಿಸಿಯೂ ಹೇಳಿದೆ. ಅವರು ಗಂಭೀರವಾಗಿ ಯೋಚಿಸಿದರು.

"ಗಣಪತಿ ಹಬ್ಬದ ಪಾಯಸಕ್ಕ ತಂದಿದ್ದ ಒಣದ್ರಾಕ್ಷಿ ಉಳದಾವಲ್ಲ?"

"ಉಳದಾವ."

"ರಾತ್ರಿ ನೀರಾಗ ಹಾಕಿಡು. ಮುಂಜಾನೆ ದ್ರಾಕ್ಷಿ ಆಗಿರತಾವ!"

ಆಗಿರಲಿಲ್ಲ.

ಮುಂದೆ ಯಾವ ರವಿಕೆಯೂ ನನ್ನ ಮೈಗೆ ಆಗದ ಹಾಗಾದಾಗ ಹೊಸದು ಹೊಲಿಸುವ ಮಾತು ಬಂತು. ಬಂದಷ್ಟೇ ವೇಗವಾಗಿ ಹೋಯಿತು. ತಮ್ಮ ಹಳೇ ಯೂನಿಫಾರ್ಮ್ ಶರ್ಟು ಒಗೆದು, ಇಸ್ತ್ರಿ ಮಾಡಿ, ಸನ್ಮಾನ ಮಾಡುವವರ ಹಾಗೆ ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. ಜೇಬಿನ ಮೇಲೆ ಕೆಂಪು ದಾರದಲ್ಲಿ 'ಸ್ಟೋರ್ಸ್' ಎಂದು ಹೊಲಿದಿತ್ತು. ಗೌರಮ್ಮ ಅದನ್ನು ಓದಿಸಿ, ಹಾಗೆಂದರೆ ಉಗ್ರಾಣ ಎಂದು ತಿಳಿದುಕೊಂಡು, "ಸರ್ಯಾಗೇ ಬರ್ದವ್ರೆ ಬಿಡವ್ವಾ" ಎಂದು ನನ್ನ ಹೊಟ್ಟೆ ನೋಡಿದರು. ಇಂಥ ಮನೆಯಲ್ಲಿ ನನಗೆ ಸಿಗದ ಗೌರವ ಸೀಮೆಎಣ್ಣೆ ಡಿಪೋದಲ್ಲಿ ಸಿಕ್ಕಿತು.

ಆಗ ಸೀಮೆಎಣ್ಣೆ ಬೇಕೆಂದಾಗ ಸಿಗುವ ವಸ್ತುವಲ್ಲ. ಡಿಪೋಗೆ ಗಾಡಿ ಬಂದ ದಿನ ಬೆಳಗಿನಿಂದಲೇ ಸಾಲು. ಮನುಷ್ಯರು ಬರುವ ಮೊದಲೇ ಅವರ ಪರವಾಗಿ ಕಲ್ಲುಗಳು, ಒಡೆದ ಬಕೆಟ್ಟುಗಳು, ಉಂಗುಷ್ಠ ಕಿತ್ತುಹೋದ ಚಪ್ಪಲಿಗಳು ಸಾಲಲ್ಲಿ ನಿಂತಿರುತ್ತಿದ್ದವು. ಯಾವ ಕಲ್ಲು ಯಾರದು ಎಂದು ಎಲ್ಲರಿಗೂ ಗೊತ್ತು. ಕಲ್ಲು ಸರಿಸಿದರೆ ಹೊಡೆದಾಟ!

ಸಂಕ್ರಾಂತಿ ಸಮಯದಲ್ಲಿ ಮೊದಲ ಸಲ ನಾನೊಬ್ಬಳೇ ಡಬ್ಬಿ ಹಿಡಿದು ಹೋದೆ. ಸಾಲಿನ ಬಾಲ ಹುಡುಕುತ್ತಿದ್ದಾಗ ಡಿಪೋದ ಮುನಿರಾಜು ನನ್ನನ್ನು ನೋಡಿದ.

"ಏಯ್, ದಾರಿ ಬಿಡ್ರೋ! ಬಸ್ರಿ ಹೆಂಗ್ಸನ್ನ ಬಿಸ್ಲಲ್ಲಿ ನಿಲ್ಸಿದ್ದೀರಲ್ಲ, ನಿಮಗೇನ್ ಅಕ್ಕ ತಂಗೀರಿಲ್ವಾ? ಬನ್ನಿ ತಾಯಿ, ಮುಂದಕ್ಕ್ ಬನ್ನಿ. ಎಷ್ಟು ತಿಂಗ್ಳು?"

ಏಳು ಎನ್ನುವುದು ಸತ್ಯ. ಆದರೆ ಏಳು ಎಂದರೆ 'ಇವಳಿನ್ನೂ ನಿಲ್ಲಬಲ್ಲಳು' ಎಂದು ಯಾರಾದರೂ ತಕರಾರು ತೆಗೆಯಬಹುದು. ನಾನು ಸೊಂಟದ ಮೇಲೆ ಕೈಯಿಟ್ಟು, ದೊಡ್ಡದೊಂದು ಉಸಿರು ಬಿಟ್ಟು, "ಒಂಬತ್ತರಿ" ಎಂದೆ. ಸಾಲು ಎರಡು ಭಾಗವಾಯಿತು. ಒಬ್ಬ ಮುದುಕ ತನ್ನ ಕಲ್ಲನ್ನೇ ಎತ್ತಿ ಪಕ್ಕಕ್ಕಿಟ್ಟ. ನಾನು ಮಂತ್ರಿಯ ಹಾಗೆ ನಡುವೆ ನಡೆದುಹೋಗಿ ಡಬ್ಬಿ ತುಂಬಿಸಿಕೊಂಡು ಬಂದೆ.

ಸಂಜೆ ನಮ್ಮವರಿಗೆ ಎಲ್ಲ ಹೇಳಿದೆ. ತಿಂಗಳ ವಿಚಾರ ಮಾತ್ರ ಹೇಳಲಿಲ್ಲ. ಅವರಿಗೆ ಹೆಂಡತಿಯ ಕಷ್ಟ ಸಹಿಸುವ ಶಕ್ತಿಯಿದೆ, ತಪ್ಪು ಲೆಕ್ಕ ಸಹಿಸುವ ಶಕ್ತಿಯಿಲ್ಲ.

"ಹಂಗಾದ್ರ ಇನ್ನ ರೇಶನ್ನಿಗೂ ನೀನೇ ಹೋಗು," ಎಂದವರ ಕಣ್ಣು ಮಿನುಗಿತು. "ಹೆಂಗೂ ಡಾಕ್ಟರು ನಡೀಬೇಕು ಅಂದಾರ. ಗೌರಮ್ಮಾರಿಗೂ ಹೇಳತೀನಿ. ಅವರ ಡಬ್ಬೀನೂ ಒಯ್ಯಿ, ನಳದ ನೀರು ಮೊದಲು ನಮಗ ಬಿಡತಾರ."

ಹೀಗೆ ನನ್ನ ಹೊಟ್ಟೆ ಸಾರ್ವಜನಿಕ ಆಸ್ತಿಯಾಯಿತು. ಮೊದಲು ಗೌರಮ್ಮನವರ ಡಬ್ಬಿ, ಆಮೇಲೆ ಇಡೀ ವಠಾರದ್ದು. ಶಿವರಾತ್ರಿಯ ಹೊತ್ತಿಗೆ ನಾನು ಕೈತುಂಬ ರೇಶನ್ ಕಾರ್ಡು ಹಿಡಿದು ಮುಂದೆ ನಡೆದರೆ, ಹಿಂದೆ ವಠಾರದ ಹೆಂಗಸರು ಖಾಲಿ ಡಬ್ಬಿ ಹಿಡಿದು ಬರುತ್ತಿದ್ದರು. "ಎಲ್ಲಾ ನಮ್ಮ ಮನಿಯವರದೇರಿ, ಒಂಬತ್ತು ತಿಂಗಳು, ಲಗೂ ಬಿಡ್ರಿ" ಎನ್ನುತ್ತಿದ್ದೆ. ಮುನಿರಾಜು ಗೊಣಗುತ್ತಲೇ ಬಿಡುತ್ತಿದ್ದ. ವಠಾರದವರು ಬಿಟ್ಟಿ ಕೆಲಸ ಮಾಡಿಸಿಕೊಳ್ಳುವ ಜನವಲ್ಲ. ಒಂದು ಮನೆಯಿಂದ ಹಿತಕಿದ ಅವರೆಬೇಳೆ ಸಾರು, ಇನ್ನೊಂದರಿಂದ ಉಪ್ಪಿನಕಾಯಿ. ಕೊನೆಗೆ ದ್ರಾಕ್ಷಿ, ಅದೂ ನೀರಲ್ಲಿ ನೆನೆಸದ ದ್ರಾಕ್ಷಿ! ನಾನು ಉಬ್ಬಿದೆ. ಹೊಟ್ಟೆಯಷ್ಟೇ ಅಲ್ಲ.

ಬಾಣಂತನಕ್ಕೆ ತವರಿಗೆ ಹೋಗಬೇಕಾದದ್ದು ಸಂಪ್ರದಾಯ. ಆದರೆ ನಾನು ಹೋಗಿ ಕೂಸಿನೊಂದಿಗೆ ಬರುವ ಖರ್ಚಿಗಿಂತ ಅವ್ವ ಒಬ್ಬಳೇ ಬಂದು ಹೋಗುವುದು ಅಗ್ಗ ಎಂದು ನಮ್ಮವರು ಕಂಡುಹಿಡಿದಿದ್ದರು. ಅವ್ವನಿಗೆ ಅಳಿಯನ ಜಿಪುಣತನ ಮದುವೆಯ ದಿನವೇ ಗೊತ್ತಾಗಿತ್ತು. "ಆ ಮನಿಯಾಗ ಏನೂ ಇರೂದಿಲ್ಲ, ಇಲ್ಲಿಗೇ ಬಾ" ಎಂದು ಹಟ ಹಿಡಿದಿದ್ದಳು. ನಾನೂ ಅವಳ ಮಗಳೇ. ಇಲ್ಲಿ ಯಾವುದಕ್ಕೂ ಕೊರತೆಯಿಲ್ಲ, ಬರೇ ಕೈಯಲ್ಲಿ ಬಾ ಎಂದು ಕಾಗದ ಹಾಕಿದ್ದೆ. ಯುಗಾದಿ ಆದ ಮಾರನೇ ವಾರ ಅವ್ವ ಬರುವುದೆಂದಾಯಿತು. ಒಂದು ಕೊರತೆ ಕಂಡರೂ ಸಾಯುವ ತನಕ ಆಡಿ ತೋರಿಸುವ ಹೆಂಗಸು ಅವಳು. ಅವಳು ಬರುವ ಹಿಂದಿನ ದಿನ ನಮ್ಮ ಸ್ಟೌ ಒಣಗಿ, ಬತ್ತಿ ಸುಟ್ಟ ವಾಸನೆ ಬರುತ್ತಿತ್ತು.

ಪುಣ್ಯಕ್ಕೆ ಅದೇ ದಿನ ಗಾಡಿ ಬಂತು. ಬೆಳಿಗ್ಗೆಯೇ ಗೌರಮ್ಮ ಬಾಗಿಲಲ್ಲಿ ನಿಂತು ಕೂಗಿದರು.

"ಗಾಡಿ ಬಂದೈತಂತೆ ಕಣವ್ವಾ, ಎದ್ದೋಗು. ಆಗ್ದಿದ್ರೆ ನಿನ್ ಡಬ್ಬ ಕೊಡು, ನನ್ ಡಬ್ಬದ್ ಇಂದೆ ಇಟ್ಟು ನಿಂತ್ಕಂಡಿರ್ತೀನಿ."

"ನನಗ್ಯಾಕ್ರಿ ಲೈನು?" ಎಂದೆ ನಾನು, ಹಾಸಿಗೆಯ ಮೇಲಿಂದಲೇ. "ನಾ ಹೋದ್ರ ಐದು ನಿಮಿಷದ ಕೆಲಸ. ಮತ್ತ ಇವತ್ತ ನಿಮ್ಮ ಡಬ್ಬಿ ನನ್ನ ಕೈಲೆ ಆಗೂದಿಲ್ಲ ನೋಡ್ರಿ. ನಮ್ಮ ಅವ್ವ ಬರಾಕತ್ತಾಳ, ನಮ್ಮದ ನಮಗ ರಗಡ ಐತಿ."

ಗೌರಮ್ಮ ಒಂದು ಕ್ಷಣ ನನ್ನನ್ನು ನೋಡಿ, "ಅಂಗೇ ಆಗ್ಲಿ ಬಿಡವ್ವಾ" ಎಂದು ಸೆರಗು ಸಿಕ್ಕಿಸಿಕೊಂಡು ಹೊರಟರು.

ನಾನು ಎಣ್ಣೆನೀರು ಹಾಕಿಕೊಂಡೆ. ಉಂಡೆ. ಮಲಗಿ ಎದ್ದೆ. ಸೀಮಂತದ ಕುಬಸದಲ್ಲಿ ಬಂದ ಹಸಿರು ಸೀರೆ ಉಟ್ಟು, ಹೂ ಮುಡಿದು, ಬಿಸಿಲು ತಗ್ಗಿದ ಮೇಲೆ ಡಿಪೋಗೆ ಹೋದೆ. ಹೋಗಿ ನೋಡಿದರೆ ಎರಡು ಸಾಲು! ಒಂದು ಮಾಮೂಲಿ. ಇನ್ನೊಂದರಲ್ಲಿ ಬರೀ ಬಸುರಿಯರು. ಬಸುರಿಯರ ಸಾಲೇ ಉದ್ದ. ಮುನಿರಾಜು ತಲೆಯ ಮೇಲೆ ಕೈಹೊತ್ತು ಕೂತಿದ್ದ.

"ಏನ್ರಿ ಇದು?"

"ಎಲ್ಲಾ ನಿಮ್ಮಿಂದ ಕಲ್ತಿದ್ದು ತಾಯಿ! ಮತ್ತಿಕೆರೆ ಬಸ್ರೀರೆಲ್ಲಾ ಬಂದವ್ರೆ. ಅದ್ರಲ್ಲಿ ಯಾರು ಬಸ್ರಿ, ಯಾರು ಅಲ್ಲ ಅಂತ ಕೇಳಕ್ಕೋದ್ರೆ ನಂಗೇ ಪೊರಕೆ ತೋರಿಸ್ತಾರೆ."

ಅವನ ಮಾತು ಸುಳ್ಳಲ್ಲ. ಒಬ್ಬಾಕೆಗೆ ಮೊಮ್ಮಕ್ಕಳ ವಯಸ್ಸಾಗಿತ್ತು. ಇನ್ನೊಬ್ಬಾಕೆಯ ಹೊಟ್ಟೆ ಎಡಕ್ಕೆ ಜಾರಿತ್ತು, ಆಕೆ ಅದನ್ನು ಯಾರಿಗೂ ಕಾಣದಂತೆ ಮಧ್ಯಕ್ಕೆ ತಂದುಕೊಳ್ಳುತ್ತಿದ್ದಳು. ನನಗೆ ಮೈಯೆಲ್ಲ ಉರಿಯಿತು. ಇಂಥ ವಂಚಕರ ನಡುವೆ ನಾನೊಬ್ಬಳು ಸತ್ಯವಂತೆ!

"ನನಗ ಒಂಬತ್ತು ತಿಂಗಳು. ಮುಂದ ಬಿಡ್ರಿ," ಎಂದೆ.

"ನಂಗೂ ಒಂಬತ್ತೇ. ನೀನ್ಯಾವ ಮಹಾರಾಣಿ?" ಎಂದಳು ಸಾಲಿನ ಮೊದಲಲ್ಲಿದ್ದ ಕೆಂಪು ಸೀರೆಯವಳು.

ಆಗ ಮಾಮೂಲಿ ಸಾಲಿನಿಂದ ಒಂದು ದನಿ ಬಂತು. ಅವತ್ತು ನನಗಾಗಿ ಕಲ್ಲು ಎತ್ತಿಟ್ಟಿದ್ದನಲ್ಲ, ಅದೇ ಮುದುಕ.

"ಲೋ ಮುನಿರಾಜು, ಈವಮ್ಮಂಗೆ ಸಂಕ್ರಾಂತೀಲೂ ಒಂಬತ್ತು ತಿಂಗ್ಳು. ಶಿವರಾತ್ರೀಲೂ ಒಂಬತ್ತು ತಿಂಗ್ಳು. ಯುಗಾದಿ ಕಳೀತು, ಇನ್ನೂ ಒಂಬತ್ತೇ! ಒಟ್ಟೇಲಿ ಆನೆ ಐತಾ ಕೇಳು!"

"ಆನೆನೂ ಇಲ್ಲ, ಕೂಸೂ ಇಲ್ಲ. ದಿಂಬು!" ಎಂದಳು ಕೆಂಪು ಸೀರೆ.

ಎರಡೂ ಸಾಲು ಒಟ್ಟಿಗೆ ನಕ್ಕವು. ಹೊಟ್ಟೆ ಜಾರಿದವಳು ಎಲ್ಲರಿಗಿಂತ ಜೋರಾಗಿ ನಕ್ಕಳು. ನಾನು ಕಿರುಚಿದೆ, "ಬೇಕಾದ್ರ ಮುಟ್ಟಿ ನೋಡ್ರಿ!" ಕೆಂಪು ಸೀರೆಯವಳು ನಿಜಕ್ಕೂ ಬಂದು ಕೈಯಿಟ್ಟು ನಿಂತಳು. ರಾತ್ರಿಯೆಲ್ಲ ಒದ್ದು ನನ್ನ ನಿದ್ದೆ ಕೆಡಿಸುವ ಕೂಸು ಆ ಹೊತ್ತಿನಲ್ಲಿ ಮಾತ್ರ ಗಪ್‌ಚಿಪ್. ಬೇಕಾದಾಗ ಕೈಕೊಡುವ ಗುಣ ಅಪ್ಪನಿಂದ ಆಗಲೇ ಬಂದಿತ್ತು.

"ಅಲ್ಲಾಡ್ತಾನೇ ಇಲ್ಲ ಕಣ್ರೀ. ಹತ್ತೀನೇ!" ಎಂದು ಆಕೆ ತೀರ್ಪು ಕೊಟ್ಟಳು.

ಅಷ್ಟರಲ್ಲಿ ರಸ್ತೆಯ ತಿರುವಿನಲ್ಲಿ ನಮ್ಮವರ ಸೈಕಲ್ಲು ಕಂಡಿತು. ಫ್ಯಾಕ್ಟರಿ ಬಿಟ್ಟು ಬರುತ್ತಿದ್ದರು. ಮದುವೆಯಾದ ಮೇಲೆ ಅವರನ್ನು ನೋಡಿ ನನಗೆ ಅಷ್ಟು ಸಂತೋಷ ಎಂದೂ ಆಗಿರಲಿಲ್ಲ, ಆಮೇಲೂ ಆಗಿಲ್ಲ.

"ನೋಡ್ರಿ, ಇವರೆಲ್ಲ ನನ್ನ ಸುಳ್ಳಿ ಅನ್ನಾಕತ್ತಾರ! ನನಗ ಎಷ್ಟು ತಿಂಗಳು ಅಂತ ನೀವ ಹೇಳ್ರಿ!"

ನಮ್ಮವರು ಸೈಕಲ್ಲಿಂದ ಇಳಿದರು. ಸ್ಟ್ಯಾಂಡ್ ಹಾಕಿದರು. ಪ್ಯಾಂಟಿನ ಕ್ಲಿಪ್ಪು ತೆಗೆದು ಜೇಬಿಗೆ ಹಾಕಿಕೊಂಡರು. ಗಂಟಲು ಸರಿಮಾಡಿಕೊಂಡರು.

"ಎಂಟು ತುಂಬಿ ಒಂಬತ್ತರಾಗ ಬಿದ್ದಾಳ್ರಿ. ಒಂಬತ್ತು ಪೂರಾ ಅನ್ನಾಕ ಬರೂದಿಲ್ಲ."

"ಅಂಗಾದ್ರೆ ಸಂಕ್ರಾಂತೀಲಿ ಎಷ್ಟಿತ್ತು ಸ್ವಾಮಿ?" ಎಂದ ಮುನಿರಾಜು.

ನಾನು ಕಣ್ಣು ಮಿಟುಕಿಸಿದೆ. ಕೆಮ್ಮಿದೆ. ಅವರ ಕಾಲು ತುಳಿದೆ. ಅವರು ಬೆರಳು ಮಡಚಿ ಎಣಿಸುತ್ತಿದ್ದರು. ಲೆಕ್ಕ ಮಾಡುವಾಗ ಅವರಿಗೆ ಕಾಲಿನ ಪರಿವೆ ಇರುವುದಿಲ್ಲ.

"ಆರು ತುಂಬಿ ಏಳು," ಎಂದರು. "ಸಂಶಯ ಇದ್ರ ಡಾಕ್ಟರ ಚೀಟಿ ಮನ್ಯಾಗ ಐತಿ, ತಂದು ತೋರಸತೀನಿ!"

ಆ ನಗು ಯಶವಂತಪುರ ಸ್ಟೇಷನ್ನಿನವರೆಗೆ ಕೇಳಿರಬೇಕು. ಮುನಿರಾಜು ಮಾಮೂಲಿ ಸಾಲಿನ ಕೊನೆಗೆ ಬೆರಳು ತೋರಿಸಿದ. ಹಸಿರು ಸೀರೆ ಉಟ್ಟು, ಹೂ ಮುಡಿದು, ಅಷ್ಟು ದೊಡ್ಡ ಹೊಟ್ಟೆ ಹೊತ್ತು, ಆ ಎಲ್ಲ ಕಣ್ಣುಗಳ ಮುಂದೆ ನಾನು ಸಾಲಿನ ತುದಿಗೆ ನಡೆದೆ. ಅವಮಾನದಿಂದ ಕಣ್ಣಲ್ಲಿ ನೀರು ಬಂತು. ನನ್ನ ಸರದಿ ಬರುವ ಮೊದಲೇ ಮುನಿರಾಜು ಪೀಪಾಯಿಯನ್ನು ತಲೆಕೆಳಗು ಮಾಡಿ, ಎರಡು ಸಲ ಬಡಿದು, "ಖಾಲಿ!" ಎಂದು ಕೂಗಿದ.

ವಾಪಸು ಬರುವಾಗ ನಮ್ಮವರು ನನಗೆ ಸಮಾಧಾನ ಹೇಳಿದರು. "ಹೋಗಲಿ ಬಿಡು. ಎಣ್ಣಿ ರೊಕ್ಕ ಉಳೀತಲ್ಲ!" ಡಬ್ಬಿಯಿಂದ ತಲೆಗೆ ಹೊಡೆಯುವವಳಿದ್ದೆ. ಡಬ್ಬಿ ನೆಗ್ಗಿದರೆ ಇನ್ನೊಂದು ತರುವ ಗಂಡಸಲ್ಲ ಎಂದು ಕೈ ತಡೆದೆ.

ದೀಪ ಹಚ್ಚುವ ಹೊತ್ತಿಗೆ ಗೌರಮ್ಮನವರ ಬಾಗಿಲಲ್ಲಿ ಖಾಲಿ ಡಬ್ಬಿ ಹಿಡಿದು ನಿಂತೆ. ಬೆಳಗಿನಿಂದ ನಿಂತು ತಂದ ಎಣ್ಣೆ ಅವರ ಹಿಂದೆ ತುಂಬಿದ ಡಬ್ಬಿಯಲ್ಲಿತ್ತು.

"ಐದ್ ನಿಮ್ಷದ್ ಕೆಲ್ಸ ಅಂದ್ಯಲ್ಲವ್ವಾ?"

ನಾನು ಖಾಲಿ ಡಬ್ಬಿಯನ್ನು ಮುಂದೆ ಚಾಚಿದೆ. ಬೈದುಕೊಳ್ಳುತ್ತಲೇ ಅರ್ಧ ಸುರಿದು ಕೊಟ್ಟರು. ಮರುದಿನ ಅವ್ವ ಬಂದಾಗ ಸ್ಟೌ ಧಗಧಗ ಉರಿಯುತ್ತಿತ್ತು. ಅವ್ವ ಮೂಲೆಮೂಲೆ ನೋಡಿ, ಕೊರತೆ ಸಿಗದೆ, ಪೆಚ್ಚಾಗಿ ಕೂತಳು. ಗೆದ್ದೆ ಎಂದುಕೊಂಡೆ. ಮಧ್ಯಾಹ್ನ ಗೌರಮ್ಮ ಎಲೆಅಡಿಕೆ ತಟ್ಟೆ ಹಿಡಿದು ಬಂದು, ಅವ್ವನ ಪಕ್ಕ ಕೂತು, ಸಂಕ್ರಾಂತಿಯಿಂದ ಶುರುಮಾಡಿ ಎಲ್ಲ ಹೇಳಿದರು. ಇಬ್ಬರೂ ಕೆಮ್ಮು ಬರುವಷ್ಟು ನಕ್ಕರು.

"ನಿನ್ನ ಗಂಡನ ಜಿಪುಣತನಾ ಈ ಮನಿ ಕೊರತಿ ಅಂದಕೊಂಡಿದ್ದೆ," ಎಂದಳು ಅವ್ವ. "ಅವನರೆ ಖರೇ ಮಾತಾಡತಾನ."

ಕೂಸು ಹುಟ್ಟಿತು. ಹೆಣ್ಣು, ಗುಂಡುಗುಂಡಾಗಿ. ಮೂರು ತಿಂಗಳು ತುಂಬುವ ಹೊತ್ತಿಗೆ ಅವ್ವ ಊರಿಗೆ ಹೋದಳು, ಸ್ಟೌ ಮತ್ತೆ ಒಣಗಿತು. ಒಂದು ದಿನ ಗೌರಮ್ಮ ಎರಡು ಡಬ್ಬಿ ಹಿಡಿದು ಬಾಗಿಲಿಗೆ ಬಂದರು.

"ಗಾಡಿ ಬಂದೈತೆ ಕಣವ್ವಾ. ಕೂಸ್ನ ಒಸಿ ಕೊಡು. ಕಂಕುಳಲ್ಲಿ ಕೂಸಿದ್ರೆ ಮುನಿರಾಜು ಮುಂದಕ್ಕೆ ಬಿಡ್ತಾನೆ. ನಿನ್ ಡಬ್ಬಾನೂ ತುಂಬಿಸ್ಕೊಂಡ್ ಬತ್ತೀನಿ."

ನನ್ನ ಹೊಟ್ಟೆಕಿಚ್ಚು ಅಡಗಿಸಿಕೊಂಡು, ಸೀರೆ ಸರಿಮಾಡಿಕೊಂಡೆ. "ತಡೀರಿ, ಚಪ್ಪಲಿ ಹಾಕ್ಕೊಂಡು ನಾನೂ ಬರತೀನಿ. ತಾಯಿ ಇದ್ರ ಇನ್ನೂ ಛಲೋ ಅಲ್ಲೇನ್ರಿ?"

ಗೌರಮ್ಮ ಗಾಬರಿಯಿಂದ ಹೊಸ್ತಿಲಿಗೆ ಅಡ್ಡ ನಿಂತರು.

"ಬ್ಯಾಡ ಕಣವ್ವಾ, ನೀ ಬರ್ಬ್ಯಾಡ! ನೀನ್ ಜತೇಲಿದ್ರೆ ಕೂಸೂ ಸುಳ್ಳು ಅಂತಾರೆ!"

ಕೂಸಿಗೆ ಕುಲಾವಿ ಕಟ್ಟಿ, ಕಣ್ಣಿಗೆ ಕಾಡಿಗೆ ತೀಡಿ, ಡಬ್ಬಿಯ ಜೊತೆ ಕಳಿಸಿಕೊಟ್ಟೆ.