ಮುಳ್ಳಿಲ್ಲದ ಕುಸುಬಿಯವರ ಸನ್ನಿಧಿಗೆ

ಮಾನ್ಯರಾದ ಮುಳ್ಳಿಲ್ಲದ ಕುಸುಬಿಯವರೇ,

ಸೂಡಿಯ ನಿವೃತ್ತ ಬಸ್ ಕಂಡಕ್ಟರ್ ಶರಣಬಸಪ್ಪನು ತಲೆಗೆ ರುಮಾಲು ಸುತ್ತಿಕೊಂಡು, ತಮ್ಮ ಹಳದಿ ಹೂವಿಗೂ ನುಣುಪಾದ ಎಲೆಗೂ ಬೇರೆಬೇರೆಯಾಗಿ ಕೈಮುಗಿದು ಮಾಡುವ ಬಿನ್ನಹವೇನೆಂದರೆ, ತಾವು ಕೊಯ್ಲಿನವರೆಗೂ ಕ್ಷೇಮವಾಗಿದ್ದುದನ್ನು ನಾನು ಬದುವಿನ ಮೇಲೆ ನಿಂತು ಕಣ್ಣಾರೆ ಕಂಡಿದ್ದೇನೆ. ಕ್ಷೇಮವಾಗಿಲ್ಲದ್ದು ತಮ್ಮ ಬೆನ್ನ ಹಿಂದಿದ್ದ ನಮ್ಮ ಬಿಳಿಜೋಳ ಮಾತ್ರ.

ನಮ್ಮ ಕಡೆ ಜೋಳದ ಹೊಲಕ್ಕೆ ಸುತ್ತಲೂ ನಾಲ್ಕು ಸಾಲು ಕುಸುಬಿ ಬಿತ್ತುವುದು ಏಕೆಂದು ತೊಟ್ಟಿಲ ಕೂಸಿಗೂ ಗೊತ್ತು. ಅದರ ಮುಳ್ಳು ಒಮ್ಮೆ ಬಾಯಿಗೆ ಚುಚ್ಚಿದರೆ ದನ ಮತ್ತೆ ಆ ಕಡೆ ಮುಖ ಹಾಕುವುದಿಲ್ಲ. ನಾನು ಮೂವತ್ತು ವರ್ಷ ಗಜೇಂದ್ರಗಡ–ರೋಣ ಬಸ್ಸಿನಲ್ಲಿ ಟಿಕೆಟ್ ಹರಿಯುತ್ತಿದ್ದಾಗ ಈ ಹೊಲವನ್ನು ನೋಡಿಕೊಂಡವಳು ನನ್ನ ಹೆಂಡತಿ ಕಳಕವ್ವ. ನಿವೃತ್ತನಾದ ಮೇಲೆ ನಾನೂ ಒಕ್ಕಲಿಗನೆನಿಸಿಕೊಳ್ಳಬೇಕೆಂದು ಅವಳ ಬೆನ್ನು ಹತ್ತಿದಾಗ, "ಹೊಲ ಅಲ್ರಿ, ಬದು ಅಷ್ಟ ನಿಮಗ ಬಿಟ್ಟೀನಿ. ಅದೊಂದು ನೆಟ್ಟಗ ಮಾಡಿದ್ರ ಬರೋ ವರ್ಷ ಬಿತ್ತಿಗಿ ಎಲ್ಲಾ ನಿಮ್ಮ ಕೈಯಾಗ" ಎಂದು ಅಪ್ಪಣೆ ಕೊಡಿಸಿದಳು.

ಆಗ ನಾನು ಯಾವುದೋ ಕೃಷಿ ಮೇಳದಲ್ಲಿ ಕೊಟ್ಟ ಚೀಟಿಯನ್ನು ಕನ್ನಡಕ ಹಾಕಿಕೊಂಡು ಓದಿ, 'ಮುಳ್ಳಿಲ್ಲ, ಕೊಯ್ಲಿಗೆ ಸುಲಭ' ಎಂಬ ಮಾತಿಗೆ ಮರುಳಾಗಿ ತಮ್ಮನ್ನು ಚೀಲ ಸಮೇತ ಬರಮಾಡಿಕೊಂಡೆ. ಮುಳ್ಳಿಗಾಗಿಯೇ ಬಿತ್ತುವ ಜಾಗಕ್ಕೆ ಮುಳ್ಳು ತೆಗೆದ ಬೀಜ ತಂದ ಮಹಾನುಭಾವ ಈ ಸೀಮೆಯಲ್ಲಿ ನಾನೊಬ್ಬನೇ ಇರಬೇಕು. ಕಳಕವ್ವನ ಕೈ ನೋಯಬಾರದೆಂದು ತಂದೆ ಎಂದು ಚಹಾದಂಗಡಿಯಲ್ಲಿ ಹೇಳಿಕೊಂಡು ತಿರುಗಿದೆ. ಖರೇ ಹೇಳಬೇಕೆಂದರೆ, ಈ ವರ್ಷದಿಂದ ಕುಸುಬಿ ಕೊಯ್ಯಲು ನಾನೂ ಬಗ್ಗಬೇಕಾಗಿತ್ತು.

ಎಳ್ಳ ಅಮಾವಾಸ್ಯೆಯ ದಿನ ನಾವು ಹೊಲದ ಈ ತುದಿಯಲ್ಲಿ ಭೂತಾಯಿಗೆ ಎಡೆಯ ಚರಗ ಚೆಲ್ಲಿ ಊಟಕ್ಕೆ ಕುಳಿತೆವು. ನಾನು ಎರಡನೆಯ ಹೋಳಿಗೆ ಮುರಿಯುತ್ತ ಬೇಲಿಯ ವಿಜ್ಞಾನ ವಿವರಿಸುತ್ತಿದ್ದೆ. ಅದೇ ಹೊತ್ತಿಗೆ ಆ ತುದಿಯಲ್ಲಿ ಪಕ್ಕದ ಹೊಲದ ಅಂದಾನಪ್ಪನ ಮೂರು ಎಮ್ಮೆಗಳು ತಮ್ಮ ಎಲೆಯ ರುಚಿ ನೋಡಿ, ತಾವು ಬಿಟ್ಟ ದಾರಿಯಲ್ಲಿ ಒಳಗೆ ಬಂದು, ಹಾಲುಗಾಳು ತುಂಬಿದ್ದ ತೆನೆಗಳ ಪಂಕ್ತಿಗೆ ಕುಳಿತಿದ್ದವು. ಓಡಿ ಬಂದ ಅಂದಾನಪ್ಪ, "ಕುಸುಬಿ ಐತಲ್ಲಾ ಅಂತ ನಾ ಬಿಟ್ಟು ಕುಂತಿದ್ನೋ ಮಾರಾಯ! ಇದೆಂಥಾ ಕುಸುಬಿ ಹಾಕೀಯಪಾ?" ಎಂದು ನನ್ನನ್ನೇ ಬೈದ. ಅವನದು ನ್ಯಾಯವಾದ ಮಾತಾಗಿದ್ದರಿಂದ ನಾನು ಎಮ್ಮೆಗಳ ಕ್ಷಮೆಯನ್ನೂ ಕೇಳಿದೆ.

ತಮ್ಮ ಸೌಜನ್ಯಕ್ಕೆ ಎಣೆಯಿಲ್ಲ. ಯಾರಿಗೂ ನೋವಾಗದಂತೆ ಕಾವಲು ಕಾಯುವ ಈ ಕಲೆ ನಮಗೆ ಹೊಳೆದೇ ಇರಲಿಲ್ಲ. ಆದರೂ ಮುಂದಿನ ಹಂಗಾಮಿನಿಂದ ಎಮ್ಮೆಗಳು ಬಂದಾಗ ಕನಿಷ್ಠ ಒಮ್ಮೆ ಕೆಮ್ಮಬೇಕೆಂದೂ, ಸಾಧ್ಯವಾದರೆ ನಾಲ್ಕು ಕಾಲಿನವರಿಗೆ ಮುಳ್ಳಾಗಿ ಕಳಕವ್ವನಿಗೆ ಮಾತ್ರ ಹೂವಾಗಿ ಇರಬೇಕೆಂದೂ ವಿನಂತಿ. ಆ ಅಮಾವಾಸ್ಯೆಯಿಂದ ಜೋಳದ ರಾಶಿಯವರೆಗೆ ತಮ್ಮ ಕೆಲಸವನ್ನು ಕೈಯಲ್ಲಿ ಕೋಲು ಹಿಡಿದು ನಾನೇ ಮಾಡಿದ್ದೇನೆ.

ಇಷ್ಟಕ್ಕೇ ಪತ್ರ ಮುಗಿಸಿ ತಮ್ಮನ್ನು ಬೈದು ಹಗುರಾಗುತ್ತಿದ್ದೆ. ಆದರೆ ತಮ್ಮ ಕೊಯ್ಲಿನ ದಿನ ಕಳಕವ್ವ ರೂಢಿಯಂತೆ ಎರಡೂ ಕೈಗೆ ಹಳೆಯ ಅರಿವೆ ಸುತ್ತಿಕೊಂಡು ಬಂದಳು. ಒಂದು ಗಿಡ ಕೊಯ್ದಳು, ನಿಂತಳು, ಅರಿವೆ ಬಿಚ್ಚಿ ಬದುವಿನ ಮೇಲೆ ಇಟ್ಟು ಬರಿಗೈಯಲ್ಲಿ ಸಾಲು ಮುಗಿಸಿದಳು. ಆ ಅರಿವೆಯ ಮೇಲೆ ಹಿಂದಿನ ವರ್ಷಗಳ ರಕ್ತದ ಕಲೆ ತೊಳೆದರೂ ಹೋಗದೆ ಉಳಿದಿತ್ತು. ಮೂವತ್ತು ವರ್ಷ ಕುಸುಬಿ ಕೊಯ್ಲಿನ ಹೊತ್ತಿಗೆ ನಾನು ಒಮ್ಮೆಯೂ ರಜೆ ಹಾಕಿರಲಿಲ್ಲ. ನನಗೆ ಬಹಳ ನಾಚಿಕೆಯಾಯಿತು.

ಅರ್ಧ ಜೋಳ ಕಳೆದುಕೊಂಡೂ ತಮ್ಮನ್ನು ಬೈಯಲು ಬಾಯಿ ಬಾರದ,
ತಮ್ಮ ವಿಶ್ವಾಸಿ,
ಶರಣಬಸಪ್ಪ

ತಾ.ಕ.: ಬಿತ್ತಿಗೆಯ ಅಧಿಕಾರದ ಬಗ್ಗೆ ಕಳಕವ್ವನ ತೀರ್ಪು ಬಂದಿದೆ: "ಬರೋ ವರ್ಷ ಇವನ್ನ ಹೊಲದ ನಡುವ ಹಾಕೂಣು, ನಾ ಕೊಯ್ತೀನಿ. ಬದುವಿಗೆ ಮುಳ್ಳಿನ ಕುಸುಬಿನೇ ಇರ್ಲಿ. ಅದನ್ನ ನೀವು ಕೊಯ್ರಿ."