ಬರೀ ಫ್ಲ್ಯಾಶು

ಅರಸೀಕೆರೆಯಲ್ಲಿ ಕ್ಯಾಮೆರಾ ಹಿಡಿದು ಬೀದಿಗಿಳಿದರೆ ‘ನಂದೊಂದು ತೆಗಿ’ ಎನ್ನದವು ಲೈಟು ಕಂಬಗಳು ಮಾತ್ರ. ಅದಕ್ಕೇ ಪುಟ್ಟರಾಜು ಒಂದು ಉಪಾಯ ಕಂಡುಕೊಂಡಿದ್ದ. ರೀಲು ಹಾಕದೆ ಬರೀ ಫ್ಲ್ಯಾಶ್ ಹೊಡೆಯುವುದು. ಮುಖಕ್ಕೆ ಬೆಳಕು ಬಿದ್ದರೆ ಜನಕ್ಕೆ ತೃಪ್ತಿ, ಇವನಿಗೆ ರೀಲು ಉಳಿತಾಯ.

ಯಾವ ಪತ್ರಿಕೆಯ ನೌಕರನೂ ಆಗದೆ, ಸುದ್ದಿಯ ಫೋಟೊ ತೆಗೆದು ಬಸ್ಸಿನಲ್ಲಿ ಬೆಂಗಳೂರಿಗೆ ಕಳಿಸುವ ಕಸುಬನ್ನು ಊರಿನಲ್ಲಿ ಮೊದಲು ಹಿಡಿದವನು ಅವನೇ. ಅವನ ಪಾಡು ನೋಡಿದ ಮೇಲೆ ಎರಡನೆಯವನು ಯಾರೂ ಹೊರಡಲಿಲ್ಲ. ಮುಖಪುಟದಲ್ಲಿ ತನ್ನ ಹೆಸರು ಒಮ್ಮೆಯಾದರೂ ಅಚ್ಚಾಗಬೇಕು, ಹೆಂಡತಿ ಮಂಜುಳಾ ಅದನ್ನು ಓದಬೇಕು. ಅವನ ಆಸೆ ಅಷ್ಟೇ.

ಆ ದಿನ ಹಳೇಬೀಡಿನಲ್ಲಿ ಮಂತ್ರಿಗಳಿಂದ ಪಶು ಆಸ್ಪತ್ರೆಯ ಉದ್ಘಾಟನೆಯಿತ್ತು. ಬಸ್ಸು ಹತ್ತಿದ್ದೇ ತಡ, ಪಕ್ಕದ ಮನೆಯ ಜಾನಕಮ್ಮ ಮೊಮ್ಮಗನನ್ನು ಮುಂದೆ ತಳ್ಳಿದರು.

“ಇವಂದೊಂದು ತೆಗಿಯಪ್ಪ, ಪೇಪರ್‌ನಾಗೆ ಬರ್ಲಿ.”

“ನಂದು ಸೈಡಿಂದ ತೆಗಿ ಕಣಯ್ಯಾ,” ಎಂದರು ರಿಟೈರ್ಡ್ ಮೇಷ್ಟ್ರು ಗಂಗಾಧರಪ್ಪ. “ಮೂಗು ಚೆನ್ನಾಗೈತೆ.”

ಪುಟ್ಟರಾಜು ಧಾರಾಳವಾಗಿ ಹೊಡೆದ. ಹಳೇಬೀಡು ಮುಟ್ಟುವಷ್ಟರಲ್ಲಿ ಕಂಡಕ್ಟರಿಗೂ, ಸೀಟಿನಡಿಯ ಕೋಳಿಗೂ ಫ್ಲ್ಯಾಶ್ ಸಂದಾಯವಾಗಿತ್ತು.

ಅಲ್ಲಿ ಇಳಿದು ರೀಲಿಗೆಂದು ಚೀಲಕ್ಕೆ ಕೈ ಹಾಕಿದರೆ ರೀಲಿಲ್ಲ. ಇದ್ದೊಂದು ರೀಲನ್ನು ಸಂಭ್ರಮದಲ್ಲಿ ಹಿಂದಿನ ಸಂಜೆಯೇ ಕ್ಯಾಮೆರಾಕ್ಕೆ ಹಾಕಿಟ್ಟು ಮರೆತಿದ್ದ. ರೀಲು ಮುಂದೆ ಸರಿಸುವ ತಿರುಪು ತಿರುಗಿಸಿ ನೋಡಿದ, ಜಪ್ಪಯ್ಯ ಎಂದರೂ ತಿರುಗಲಿಲ್ಲ. ರೀಲೆಲ್ಲ ಬಸ್ಸಿನವರಿಗೇ ಮುಗಿದಿತ್ತು.

ಮಂತ್ರಿಗಳು ಆಗಲೇ ಪೂಜೆಗೆ ತಂದ ಹಸುವಿನ ಪಕ್ಕ ನಿಂತಿದ್ದರು. “ಏನ್ರೀ ಫೋಟೊದೋರೇ, ತೆಗೀರಿ ಬೇಗ,” ಎಂದು ಪುಢಾರಿ ಹುಚ್ಚಣ್ಣ ಗದರಿದ. ಮಾನ ಉಳಿದರೆ ಸಾಕೆಂದು ಪುಟ್ಟರಾಜು ಫ್ಲ್ಯಾಶಿನ ಗುಂಡಿ ಒತ್ತಿದ. ಬೆಳಕು ನೇರ ಹಸುವಿನ ಕಣ್ಣಿಗೆ ಬಿತ್ತು. ಬೆಚ್ಚಿದ ಹಸು ಮಂತ್ರಿಗಳನ್ನು ಹುಲ್ಲಿನ ರಾಶಿಗೆ ಕೆಡವಿ, ಅವರ ಹಾರ ಕಚ್ಚಿಕೊಂಡು ಓಡಿತು.

ಅಂಥ ಚಿತ್ರ ಜನ್ಮಕ್ಕೊಂದು ಸಿಕ್ಕುವಂಥದ್ದು. ಪುಟ್ಟರಾಜು ಬಾಯಿ ಬಿಟ್ಟು ನೋಡುತ್ತ ನಿಂತ. ಎದುರಿಗಿದ್ದ, ಅವನ ಪರಿಚಯದ ಹಾಸನದ ಫೋಟೊಗ್ರಾಫರ್ ಮಾತ್ರ ಕ್ಲಿಕ್ಕಿಸುತ್ತಲೇ ಇದ್ದ. ಪುಟ್ಟರಾಜುವಿಗೆ ಅಳುವೇ ಬಂತು.

ಮರುದಿನ ಬೆಳಿಗ್ಗೆ ಜಾನಕಮ್ಮ ಪೇಪರು ಹಿಡಿದು ಓಡಿಬಂದರು. “ಮುಖಪುಟದಾಗೇ ಬಂದೀಯಲ್ಲಪ್ಪ.”

ಮಂಜುಳಾ ಪೇಪರು ಕಿತ್ತುಕೊಂಡಳು. ಹುಲ್ಲಿನಲ್ಲಿ ಮಂತ್ರಿಗಳು, ಪಕ್ಕದಲ್ಲಿ ಬಾಯಿ ತೆರೆದ ಗಂಡ. ಅವಳು ಕೆಳಗಿನ ಸಾಲನ್ನು ಗಟ್ಟಿಯಾಗಿ ಓದಿದಳು: “ಹಸು ಬೆದರಲು ಕಾರಣನಾದ ಪುಟ್ಟರಾಜು, ಬಲಗಡೆ.” ಆಮೇಲೆ ನಗು ತಡೆದುಕೊಂಡು, “ಹೆಸರು ಬಂತಲ್ಲ, ಬಿಡ್ರೀ,” ಎಂದಳು.

“ಅದಿರ್ಲಿ,” ಎಂದರು ಜಾನಕಮ್ಮ. “ನನ್ನ ಮೊಮ್ಮಗಂದು ಏನಾಯ್ತು?”

ಪುಟ್ಟರಾಜು ತಲೆ ಮೇಲೆ ಕೈ ಹೊತ್ತು ಕೂತ.

“ರೀಲ್‌ನಾಗೆ ಬಂದೈತೆ ಜಾನಕಮ್ಮೋರೇ. ಎಲ್ಲಾರ್ದೂ ಬಂದೈತೆ. ಕೋಳೀದೂ ಬಂದೈತೆ.”